ಕಾಕುವಿನ ಕೊಟ್ಟಿಗೆಯಡಿ ಹಾಯ್ದ ಮೋರಿ

ಕಳೆದ ತಿಂಗಳು ಹೊಸ ಕನ್ನಡಕ ತರಲೆಂದು ಮೊಮ್ಮಗಳ ಜೊತೆ ಪುಣೆಯ ಸದಾಶಿವ ಪೇಠಕ್ಕೆ ಹೋಗಿದ್ದೆ. ಟೆಲಿಫೋನಿನವರು ರಸ್ತೆಯ ಅಂಚಿನಲ್ಲಿ ತಗ್ಗು ತೋಡುತ್ತಿದ್ದರು. ಒಬ್ಬ ಉಳಿ ಹಿಡಿದಿದ್ದ, ಇನ್ನೊಬ್ಬ ಸುತ್ತಿಗೆ ಹೊಡೆಯುತ್ತಿದ್ದ. ಪೆಟ್ಟು ಬಿದ್ದಾಗಲೆಲ್ಲ ಕರಿಕಲ್ಲಿನಿಂದ ಒಂದು ವಾಸನೆ ಏಳುತ್ತಿತ್ತು. ಬೆಂಕಿಕಡ್ಡಿ ಗೀರಿದ ಕೂಡಲೇ ಬರುತ್ತದಲ್ಲ, ಸುಮಾರು ಅಂಥದ್ದು. ಮೊಮ್ಮಗಳು ಮೂಗು ಮುಚ್ಚಿಕೊಂಡಳು. ನಾನು ನಿಂತುಬಿಟ್ಟೆ. "ಅಜ್ಜಾ, ಮಧ್ಯಾಹ್ನ ಅಂಗಡಿ ಮುಚ್ಚತಾರ, ನಡೀರಿ," ಎಂದು ಅವಳು ಕೈ ಎಳೆದರೂ ನನ್ನ ಕಾಲು ಏಳಲಿಲ್ಲ. ಆ ವಾಸನೆಯಲ್ಲೇ ನಾನೂ ನನ್ನ ಹೆಂಡತಿ ಇಂದಿರೆಯೂ ಒಂದು ಬೇಸಿಗೆ ಪೂರ್ತಿ ಉಂಡಿದ್ದೆವು, ಮಲಗಿದ್ದೆವು, ನಕ್ಕಿದ್ದೆವು.

ಎರಡನೆಯ ಮಹಾಯುದ್ಧ ಇನ್ನೂ ಶುರುವಾಗಿರದ ಕಾಲ ಅದು. ಧಾರವಾಡದಿಂದ ಬಂದು ಇಲ್ಲಿಯೇ ಓವರ್ಸಿಯರ್ ಪರೀಕ್ಷೆ ಪಾಸು ಮಾಡಿ, ಮುನಿಸಿಪಾಲಿಟಿಯ ಎಂಜಿನಿಯರಿಂಗ್ ಖಾತೆಯಲ್ಲಿ ಕೆಲಸಕ್ಕೆ ಸೇರಿದ್ದೆ. ಅಡ್ಡಹೆಸರು ಕುಲಕರ್ಣಿ ಆದ್ದರಿಂದ ಎಲ್ಲರೂ ನನ್ನನ್ನು ಮರಾಠಿಯವನೆಂದೇ ತಿಳಿಯುತ್ತಿದ್ದರು. ನಾನು ಬಾಯಿ ತೆರೆದ ಮೇಲೆ ತಿಳಿವಳಿಕೆ ಬದಲಾಗುತ್ತಿತ್ತು. ಪುಣೆಯವರಿಗೆ ತಮ್ಮ ಮರಾಠಿಯ ಬಗ್ಗೆ ಅಭಿಮಾನ ಬಹಳ. ನನ್ನ ವಾಕ್ಯ ಮುಗಿಯುವುದರೊಳಗೆ ಅದನ್ನು ತಿದ್ದಿಕೊಡುವವರು ಕಚೇರಿಯ ಪ್ರತಿ ಮೇಜಿನಲ್ಲೂ ಇದ್ದರು.

ಕಚೇರಿಯ ದಿನ ಬೆಳಗ್ಗೆ ತಕರಾರಿನಿಂದ ಶುರುವಾಗುತ್ತಿತ್ತು. ಇಂಥ ಪೇಠದಲ್ಲಿ ನಲ್ಲಿ ಬಂದಿಲ್ಲ, ಇಂಥ ಮೂಲೆಯ ದೀಪ ಉರಿದಿಲ್ಲ, ಖಡಿ, ಅಂದರೆ ಜಲ್ಲಿಕಲ್ಲು, ಹಾಕಿದ ರಸ್ತೆಯಲ್ಲಿ ಟಾಂಗಾದ ಗಾಲಿ ಸಿಕ್ಕಿಕೊಂಡಿದೆ. ಮಬ್ಬುಗತ್ತಲಲ್ಲೇ ನೀರಿನ ಕೀಲಿ ತಿರುಗಿಸುವವರು ಉದ್ದನೆಯ ಕಬ್ಬಿಣದ ಕೈ ಹೆಗಲ ಮೇಲಿಟ್ಟುಕೊಂಡು ಓಣಿ ಓಣಿ ಸುತ್ತುತ್ತಿದ್ದರು. ಬಿಸಿಲೇರಿದ ಮೇಲೆ ಧೂಳು ಕೂರಿಸಲು ನೀರು ಚಿಮುಕಿಸುವ ಎತ್ತಿನ ಬಂಡಿಗಳು ಹೊರಡುತ್ತಿದ್ದವು. ಇಷ್ಟೆಲ್ಲದರ ಮೇಲೆ ನಮ್ಮ ಎಂಜಿನಿಯರ್ ದಾಮಲೆ ಸಾಹೇಬರು. ಗಿಡ್ಡ ಆಳು, ಕೆಂಪು ಪಗಡಿ, ಬೆಳ್ಳಗಿನ ಉದ್ದ ಕೋಟು. ಕುರ್ಚಿಯಲ್ಲಿ ಕೂತವರನ್ನು ನಾನು ಕಂಡದ್ದು ಕಡಿಮೆ. ಸೈಕಲ್ಲನ್ನು ಗೋಡೆಗೆ ಆನಿಸಿಟ್ಟು ತಗ್ಗಿನ ಅಂಚಿನಲ್ಲಿ ಕುಕ್ಕರುಗಾಲಲ್ಲಿ ಕೂತವರನ್ನು ಕಂಡದ್ದೇ ಹೆಚ್ಚು.

ಆ ವರ್ಷ ಹೋಳಿ ಮುಗಿದ ಮೇಲೆ ಅವರು ನನ್ನನ್ನು ಕರೆದು, ನಾನು ಬಾಡಿಗೆಗಿದ್ದ ಓಣಿಯ ಹೆಸರನ್ನೇ ಹೇಳಿದರು. ಆ ಓಣಿ ಮೇಲಿನಿಂದ ಕೆಳಕ್ಕೆ ಬಟ್ಟಲಿನಂತೆ ಇಳಿಯುತ್ತಿತ್ತು. ಮೇಲಿನ ತುದಿಯಲ್ಲಿ ಒಳಗೆ ಅಂಗಳವಿರುವ ದೊಡ್ಡ ಮನೆಗಳಾದ ವಾಡೆಗಳು, ಕೆಳಗಿನ ತುದಿಯಲ್ಲಿ ಪುಟಾಣಿ ಕಡಲೆ ಹುರಿಯುವವರ, ಬುಟ್ಟಿ ಹೆಣೆಯುವವರ ತಗ್ಗು ಮನೆಗಳು. ಪ್ರತಿ ಮಳೆಗಾಲಕ್ಕೂ ಮೇಲಿನ ಓಣಿಗಳ ನೀರೆಲ್ಲ ಅಲ್ಲಿ ಬಂದು ನಿಲ್ಲುತ್ತಿತ್ತು, ಮನೆಗಳ ಒಳಗೇ. ಆ ಮಳೆನೀರನ್ನು ಓಣಿಯುದ್ದಕ್ಕೂ ಹಾಕುವ ಸಿಮೆಂಟಿನ ಕೊಳವೆಗಳ ಮೋರಿಯಲ್ಲಿ ಆಚೆಯ ಹಳ್ಳಕ್ಕೆ ದಾಟಿಸುವ ಕೆಲಸ ಮಂಜೂರಾಗಿತ್ತು. "ಜೂನಿನ ಮಿರಗದ ಮಳೆಗೆ ಮುಂಚೆ ಮುಗಿಯಬೇಕು," ಎಂದರು ಸಾಹೇಬರು. "ಅಗೆದು ಅರ್ಧಕ್ಕೆ ಬಿಟ್ಟರೆ ಅಗೆಯದೇ ಇದ್ದದ್ದೇ ವಾಸಿ ಅನ್ನೋ ಹಾಗಾಗುತ್ತೆ. ನೀರು ಸೀದಾ ತಗ್ಗಿಗೆ ತುಂಬಿ ಮನೆಗಳ ಬುನಾದಿಗೇ ಇಳಿಯುತ್ತೆ."

ನಾನು ದುರ್ಬೀನು, ಅಳತೆಯ ಕೋಲು ಹಿಡಿದು ಓಣಿಯ ಏರಿಳಿತ ಅಳೆದೆ. ತೊಡಕು ಆಗ ಕಂಡಿತು. ಓಣಿಯ ನಟ್ಟನಡುವೆ, ನೆಲದೊಳಗೆ, ಪೇಶ್ವೆಯರ ಕಾಲದಲ್ಲಿ ಕಾತ್ರಜದ ಕೆರೆಯಿಂದ ಊರಿನ ನೀರಿನ ತೊಟ್ಟಿಗಳಾದ ಹೌದಗಳಿಗೆ ನೀರು ತರಲು ಕಟ್ಟಿದ ಕಲ್ಲಿನ ಕಾಲುವೆ ಹಾದುಹೋಗಿತ್ತು. ಆ ನೀರನ್ನು ಜನ ಇನ್ನೂ ಬಳಸುತ್ತಿದ್ದರು. ಅದನ್ನು ಮುಟ್ಟುವಂತಿರಲಿಲ್ಲ. ಓಣಿ ಸೊಟ್ಟಗೆ ತಿರುಗುವ ಜಾಗದಲ್ಲಿ ಮೋರಿಯನ್ನು ಪಕ್ಕದ ಒಂದು ವಾಡೆಯ ಅಂಗಳದೊಳಗೆ ಹಾಯಿಸಿ, ಮತ್ತೆ ಓಣಿಗೆ ತರುವುದೊಂದೇ ದಾರಿ. ನಕ್ಷೆ ಬರೆದು ಸಾಹೇಬರ ಮುಂದಿಟ್ಟೆ.

"ಈ ವಾಡೆ ಯಾರದು?"

"ಯಮುನಾಬಾಯಿ ಅಂತ, ಸಾಹೇಬ್. ನಾನಿರೋದು ಅವರ ಮನೆಯಲ್ಲೇ."

ಸಾಹೇಬರು ನಕ್ಷೆಯಿಂದ ಕಣ್ಣೆತ್ತಿ ನನ್ನನ್ನು ನೋಡಿದರು. "ಹಾಗಾದರೆ ಮೊದಲು ನೀನೇ ಮಾತಾಡು," ಎಂದರು.

ಯಮುನಾಬಾಯಿಯನ್ನು ನಾವು ಕಾಕು, ಅಂದರೆ ಚಿಕ್ಕಮ್ಮ, ಎನ್ನುತ್ತಿದ್ದೆವು; ಬೆಳಗಾವಿಯ ಕಡೆಯ ಹೆಣ್ಣು. ಎಂಟೊಂಬತ್ತರ ವಯಸ್ಸಿಗೆ ಈ ವಾಡೆಗೆ ಸೊಸೆಯಾಗಿ ಬಂದವರು, ಹದಿನಾರು ತುಂಬುವ ಮೊದಲೇ ಗಂಡನನ್ನು ಕಳೆದುಕೊಂಡವರು. ಮಕ್ಕಳಿಲ್ಲ. ಕೆಂಪು ಸೀರೆ, ಬೋಳಿಸಿದ ತಲೆ, ಅದರ ಮೇಲೆ ಸೆರಗು. ವಾಡೆಯ ಎರಡು ಕೋಣೆ, ಅವುಗಳ ಮುಂದಿನ ಪಡಸಾಲೆ ನಮಗೆ ಕೊಟ್ಟದ್ದೇ ಕನ್ನಡ ಕೇಳಬಹುದೆಂಬ ಆಸೆಯಿಂದ. ಇಂದಿರೆಗೆ ಮರಾಠಿ ಕಲಿಸಿದವರು, ಮೊದಲ ಸಲ ಅವಳು ಊರು ನೆನೆದು ಅತ್ತಾಗ ಜೋಳದ ರೊಟ್ಟಿ ಬಡಿದುಕೊಟ್ಟವರು. ಅಂಗಳದಲ್ಲಿ ಒಂದು ಬಾವಿ, ಒಂದು ತುಳಸಿಕಟ್ಟೆ, ಪಕ್ಕದ ಗೋಡೆಗುಂಟ ಕೊಟ್ಟಿಗೆ, ಕೊಟ್ಟಿಗೆಯಲ್ಲಿ ಕಪಿಲೆ ಎಂಬ ಮುದಿ ಹಸು. ಇಷ್ಟೇ ಅವರ ಸಂಸಾರ.

ನಾನು ವಿಷಯ ಹೇಳಿದಾಗ ಅವರು ಬತ್ತಿ ಹೊಸೆಯುತ್ತಿದ್ದರು. ಹೊಸೆಯುವ ಕೈ ನಿಂತಿತು.

"ಯಾರ ಅಂಗಳ ಅಂದ್ರಿ?"

"ನಮ್ದೇರಿ ಕಾಕು. ಮಳಿನೀರಷ್ಟ ಹೋಗ್ತದ. ಮ್ಯಾಲೆ ಮತ್ತ ಫರಸಿ ಕಲ್ಲು ಹಾಸಿಕೊಡ್ತೀವಿ."

"ಬಾವಿ ಎಷ್ಟು ದೂರ ಇರ್ತದ?"

ನನ್ನ ನಕ್ಷೆಯಲ್ಲಿ ಕೊಳವೆ ಬಾವಿಯ ಕಟ್ಟೆಯನ್ನು ಸವರಿಕೊಂಡೇ ಹೋಗುತ್ತಿತ್ತು. ಹೇಳಿದೆ.

"ಓಣಿ ಕೊಚ್ಚಿ, ಹೊಲಸು ಎಲ್ಲಾ ನನ್ನ ಬಾವಿ ಬಾಜೂಕ ಹರೀತದ. ಒಂದ ಕಡೆ ಕೊಳವಿ ಸೀಳಿದ್ರ ಅದ ನೀರು ಒಳಗ ಬರ್ತದ. ಹೌದಿಲ್ಲೋ? ಬ್ಯಾಡ್ರಿ ಕುಲಕರ್ಣಿ. ನೀವು ನಿಮ್ಮ ಕೆಲಸಾ ಮಾಡ್ರಿ, ನನ್ನ ಅಂಗಳದಾಗ ಮಾತ್ರ ಬ್ಯಾಡ."

ಅಂದಿನಿಂದ ಮಾತು ನಿಂತಿತು. ಇಂದಿರೆಗೆ ಹಾಲು ಬರುವುದು ನಿಲ್ಲಲಿಲ್ಲ, ಆದರೆ ಪಾತ್ರೆ ನಮ್ಮ ಹೊಸ್ತಿಲ ಹೊರಗೆ ಬಂದು ಕೂರುತ್ತಿತ್ತು. ನಾನು ಕಚೇರಿಯಿಂದ ಬಂದರೆ ಕಾಕು ಒಳಗೆ ಹೋಗಿಬಿಡುತ್ತಿದ್ದರು. "ಬ್ಯಾರೆ ಮನಿ ನೋಡೋಣೇನ್ರಿ?" ಎಂದು ಇಂದಿರೆ ಒಂದು ಸಂಜೆ ಕೇಳಿದಳು. ಈ ಊರಿನಲ್ಲಿ ಅವಳಿಗೆ ಅಮ್ಮನಂಥವರೆಂದರೆ ಕಾಕು ಒಬ್ಬರೇ.

ಖಾತೆಗೆ ನೋಟಿಸು ಕೊಡುವ ಅಧಿಕಾರವಿತ್ತು. ಹಿರಿಯ ಗುಮಾಸ್ತರು ಅದನ್ನೇ ಸೂಚಿಸಿದರು. ದಾಮಲೆ ಸಾಹೇಬರು ಒಪ್ಪಲಿಲ್ಲ. "ನೋಟಿಸು ಕೊಟ್ಟರೆ ಅಂಗಳ ಸಿಗುತ್ತೆ. ಆಮೇಲೆ ಐವತ್ತು ವರ್ಷ ಆ ಮೋರಿಯ ಮೇಲೆ ಬದುಕಬೇಕಾದವರು ಅವರು," ಎಂದರು. ಮರುದಿನ ಬೆಳಗ್ಗೆ ತಾವೇ ಬಂದು ವಾಡೆಯ ಪಡಸಾಲೆಯಲ್ಲಿ ಚಾಪೆಯ ಮೇಲೆ ಕೂತರು. ಕಾಕು ಬಾಗಿಲ ಮರೆಯಲ್ಲಿ ನಿಂತು ಬಾವಿಯ ಮಾತನ್ನೇ ಎತ್ತಿದರು. ಸಾಹೇಬರು ಎದ್ದು ಹೋಗಿ ಬಾವಿಯ ಸುತ್ತ ಒಂದು ಸುತ್ತು ಹಾಕಿ, ನೀರನ್ನು ಇಣುಕಿ ನೋಡಿ ಬಂದರು.

"ನಿಮ್ಮ ಮಾತು ಖರೆ. ಬಾವಿಯ ಹತ್ತಿರ ತರಬಾರದು," ಎಂದರು. ನನ್ನ ಮುಖ ಸಪ್ಪಗಾಯಿತು. "ಆದರೆ ನನ್ನ ಒಂದು ಮಾತು ನೀವು ನಡೆಸಿಕೊಡಬೇಕು. ಓಣಿಯ ಕೆಳಗಿನ ತುದಿಗೆ ಒಮ್ಮೆ ನನ್ನ ಜೊತೆ ಬನ್ನಿ. ಒಪ್ಪಿಗೆ ಕೊಡಿ ಅಂತ ಕೇಳೋದಿಲ್ಲ. ಬರೇ ನೋಡಿ ಬನ್ನಿ."

ಕಾಕು ಬಾಗಿಲ ಮರೆಯಿಂದ ಹೊರಗೆ ಬಂದರು. ಅಷ್ಟು ವರ್ಷ ಅದೇ ಓಣಿಯಲ್ಲಿದ್ದು ಅವರು ಕೆಳಗಿನ ತುದಿಗೆ ಹೋದವರಲ್ಲ. ಗುಡಿ ಮೇಲಿತ್ತು, ಕೀರ್ತನೆ ಮೇಲಿತ್ತು, ಕೆಳಗೆ ಅವರಿಗೆ ಕೆಲಸವಿರಲಿಲ್ಲ. ಕೊನೆಗೆ ಇಂದಿರೆಯ ಕೈ ಹಿಡಿದು ಹೊರಟರು.

ಕೆಳಗೆ ಮೊದಲ ಮನೆ ಸಖೂಬಾಯಿಯದು. ಗಂಡ ಹೆಂಡತಿ ಇಬ್ಬರೂ ಪುಟಾಣಿ ಹುರಿದು ಮಂಡಯಿ ಮಾರುಕಟ್ಟೆಯಲ್ಲಿ ಮಾರುವವರು. ಸುಣ್ಣ ಬಳಿದ ಗೋಡೆಯಲ್ಲಿ ಸೊಂಟದೆತ್ತರಕ್ಕೆ ಕಂದು ಬಣ್ಣದ ಗೆರೆಯೊಂದು ಇಡೀ ಮನೆ ಸುತ್ತಿತ್ತು. ಎಷ್ಟು ಸುಣ್ಣ ಬಳಿದರೂ ಅದು ಮತ್ತೆ ಮೂಡುತ್ತದೆ ಎಂದಳು ಸಖೂಬಾಯಿ. ದೂರುವ ದನಿ ಅವಳದಲ್ಲ. ನೆಂಟರಿಗೆ ಮನೆ ತೋರಿಸುವಂತೆ ತೋರಿಸುತ್ತಿದ್ದಳು. ಭಟ್ಟಿ ಇಲ್ಲಿ ಮುಳುಗುತ್ತದೆ, ಕಡಲೆಯ ಚೀಲ ಮೇಲೆ ಏರಿಸುತ್ತೇವೆ, ಮಕ್ಕಳನ್ನು ಹಡಪಸರದ ಅಣ್ಣನ ಮನೆಗೆ ಕಳಿಸುತ್ತೇವೆ.

"ಮಗಳು ಈಗ ಬಸುರಿ," ಎಂದಳು ಆಮೇಲೆ. "ಶ್ರಾವಣಕ್ಕೆ ದಿನ ತುಂಬತ್ತೆ. ಮೊದಲ ಹೆರಿಗೆ ತವರಲ್ಲಿ ಆಗಬೇಕು. ಈ ಮನೆಗೆ ಹೆಂಗೆ ಕರೀಲಿ, ಆಜಿ? ಬಾಣಂತಿನ ಎಲ್ಲಿ ಮಲಗಿಸಲಿ?"

ಕಾಕು ಆ ಗೆರೆಯನ್ನು ನೋಡುತ್ತ ನಿಂತರು. ಆಮೇಲೆ ಇಂದಿರೆಯ ಕೈ ಹಿಡಿದು ಹಿಂದಿರುಗಿದರು.

ಮರುದಿನ ಮುಂಜಾನೆ ನಾನು ಹಲ್ಲುಜ್ಜುತ್ತಿದ್ದಾಗ ಅವರು ನೇರ ಬಂದು ಎದುರು ನಿಂತರು.

"ಕುಲಕರ್ಣಿ, ಬಾವಿ ಮುಟ್ಟಬ್ಯಾಡ್ರಿ. ಕೊಟ್ಟಿಗಿ ತಗೋರಿ."

"ಕೊಟ್ಟಿಗಿ? ಮತ್ತ ಕಪಿಲಾ?"

"ಕಪಿಲಾನ ನಿಮ್ಮ ಪಡಸಾಲ್ಯಾಗ ಕಟ್ಟತೀನಿ. ಅಗಿಯಾವ್ರು ನೀವ ಅಲ್ಲೇನು, ನೀವ ಸಂಭಾಳಿಸ್ರಿ."

ಕೊಟ್ಟಿಗೆಯ ಗುಂಟ ಹೋಗುವ ವಿಚಾರ ನಾನು ಮಾಡಿರಲಿಲ್ಲವೆಂದಲ್ಲ. ಅಲ್ಲಿ ನೆಲ ಎತ್ತರ. ಅದೇ ಇಳಿಜಾರು ಸಿಗಬೇಕಾದರೆ ಗಟ್ಟಿ ಕರಿಬಂಡೆಯನ್ನು ಆಳೆತ್ತರ ಕಡಿಯಬೇಕಿತ್ತು. ಸುತ್ತಲೂ ಮಣ್ಣು ಇಟ್ಟಿಗೆಯ ಹಳೆಯ ಗೋಡೆಗಳಿದ್ದುದರಿಂದ ಸಿಡಿಮದ್ದು ಇಡುವ ಹಾಗಿರಲಿಲ್ಲ. ಎಲ್ಲವೂ ಉಳಿ ಸುತ್ತಿಗೆಯಲ್ಲೇ ಆಗಬೇಕು. ಅದಕ್ಕೇ ಕೈಬಿಟ್ಟಿದ್ದೆ. ಸಾಹೇಬರು ಲೆಕ್ಕ ಹಾಕಿ, ಆಕಾಶ ನೋಡಿ, "ಮಾಡೋಣ," ಎಂದರು.

ಕಲ್ಲು ಕಡಿಯುವ ತಂಡ ವಿಜಾಪುರದ ಕಡೆಯದು. ಭೀಮಪ್ಪ ಅದರ ಮುಖಂಡ. ನಾನು ಕನ್ನಡದಲ್ಲಿ ಮಾತಾಡಿಸಿದ ಮೊದಲ ದಿನ ಅವನು ಸುತ್ತಿಗೆ ಕೆಳಗಿಟ್ಟು, "ಸಾಹೇಬ್ರ, ನಿಮ್ಮ ಬಾಯಾಗ ನಮ್ಮ ಮಾತು ಕೇಳಿ ದಣುವ ಇಳೀತ ನೋಡ್ರಿ," ಎಂದಿದ್ದ. ಮಿರಗಕ್ಕೆ ಮೊದಲು ಊರಿಗೆ ಹೋಗಿ ಹೊಲ ಬಿತ್ತಬೇಕೆಂದು ಅವರೆಲ್ಲ ಮಾತಾಡಿಕೊಂಡಿದ್ದರು. ಕೆಲಸ ಹೆಚ್ಚಾಯಿತೆಂದು ನಾನು ಅಳುಕುತ್ತಲೇ ಹೇಳಿದೆ. ಭೀಮಪ್ಪ ಕೊಟ್ಟಿಗೆಯ ನೆಲದ ಮೇಲೆ ಅಂಗೈ ಇಟ್ಟು ನೋಡಿದ, ತನ್ನ ಹೆಂಡತಿಯ ಮುಖ ನೋಡಿದ.

"ಬಿತ್ತಾಕ ತಮ್ಮ ಅದಾನ್ರಿ. ಅರ್ಧಾ ಬಿಟ್ಟು ಹೋದ್ರ ಊರಾಗ ನಿದ್ದಿ ಹತ್ತೂದಿಲ್ಲ," ಎಂದ.

ಹೀಗೆ ಆ ಬೇಸಿಗೆ ಶುರುವಾಯಿತು. ಬೆಳಗಿನಿಂದ ಸಂಜೆಯವರೆಗೆ ಟಣ್ ಟಣ್ ಸದ್ದು, ಕಲ್ಲಿನ ವಾಸನೆ, ಅನ್ನದ ಮೇಲೆ ಕಲ್ಲಿನ ಪುಡಿ. ತಂಡದ ಹೆಂಗಸರು ಬುಟ್ಟಿಯಲ್ಲಿ ಚೂರು ಹೊತ್ತು ಹಾಕುತ್ತ ಹಾಡು ಹೇಳುತ್ತಿದ್ದರು. ಆ ಹಾಡುಗಳಲ್ಲಿ ಕೆಲವು ಕಾಕು ತವರಿನಲ್ಲಿ ಕೇಳಿದ್ದವು. ಮೊದಮೊದಲು ಒಳಗಿನಿಂದಲೇ ಕೇಳಿಸಿಕೊಂಡರು. ಆಮೇಲೆ ಪಡಸಾಲೆಗೆ ಬಂದು ಕೂತರು. ಬಿಸಿಲು ಏರಿದ ಮೇಲೆ ತಾವೇ ಮಜ್ಜಿಗೆ ಮಾಡಿ ಇಂದಿರೆಯ ಕೈಯಲ್ಲಿ ಎಲ್ಲರಿಗೂ ಕೊಡಿಸತೊಡಗಿದರು. ನಮ್ಮ ಜೊತೆಗಿನ ಮೌನ ಯಾವ ದಿನ ಮುರಿಯಿತೆಂದು ನೆನಪಿಲ್ಲ. ಮಜ್ಜಿಗೆಗೆ ಉಪ್ಪು ಹೆಚ್ಚಾಯಿತೆಂದು ಅವರು ಇಂದಿರೆಯನ್ನು ಬೈದದ್ದು, ಬೈಸಿಕೊಂಡ ಇಂದಿರೆ ಒಳಗೆ ಬಂದು ಖುಷಿಯಿಂದ ಕಣ್ಣು ಒರೆಸಿಕೊಂಡದ್ದು ನೆನಪಿದೆ.

ಕಪಿಲೆ ನಮ್ಮ ಪಡಸಾಲೆಯನ್ನು ತನ್ನದಾಗಿಸಿಕೊಂಡಿತು. ಒಂದು ಮಧ್ಯಾಹ್ನ ನಾನು ನಕ್ಷೆಯನ್ನು ತಿದ್ದಲೆಂದು ಮನೆಗೆ ತಂದು, ಊಟಕ್ಕೆ ಕೂತೆ. ಆಗ ನಕ್ಷೆಯ ಪ್ರತಿಯನ್ನು ಗಂಜಿ ಹಾಕಿದ ತೆಳ್ಳನೆಯ ಬಟ್ಟೆಯ ಮೇಲೆ ಬರೆಯುತ್ತಿದ್ದೆವು. ಕೈ ತೊಳೆದು ಬರುವಷ್ಟರಲ್ಲಿ ಗಂಜಿಯ ವಾಸನೆ ಹಿಡಿದ ಕಪಿಲೆ ಓಣಿಯ ಮೇಲಿನ ಅರ್ಧವನ್ನು ತಿಂದು, ಸೊಟ್ಟ ತಿರುವಿನವರೆಗೆ ಬಂದಿತ್ತು. ಮರುದಿನ ಉಳಿದ ತುಂಡನ್ನು ಸಾಹೇಬರಿಗೆ ತೋರಿಸಬೇಕಾಯಿತು. ಅವರು ಅದನ್ನು ಬೆಳಕಿಗೆ ಹಿಡಿದು ನೋಡಿ, "ಕೆಳಗಿನ ತುದಿ ಉಳಿದಿದೆಯಲ್ಲ, ಕೆಲಸ ನಡೆಯಲಿ," ಎಂದರು. ಅವರು ನಕ್ಕದ್ದನ್ನು ಕಚೇರಿ ಕಂಡದ್ದು ಅಂದೇ.

ವೈಶಾಖದ ಕೊನೆಗೆ, ಕೊಟ್ಟಿಗೆಯ ತಗ್ಗು ಇನ್ನೂ ಪೂರ್ತಿ ಆಗಿರದಾಗ, ಅಡ್ಡಮಳೆ ಹೊಡೆಯಿತು. ಗುಡುಗು, ಗಾಳಿ, ಆಲಿಕಲ್ಲು. ತಗ್ಗು ತುಂಬಿತು. ಪಕ್ಕದ ಗೋಡೆಯ ಮೂಲೆ ಒಂದು ಗೇಣು ವಾಲಿತು. ಗೋಡೆ ಬಿದ್ದರೆ ವಾಡೆಯ ಅರ್ಧ ಹೋಗುತ್ತಿತ್ತು. ಭೀಮಪ್ಪನ ತಂಡ ತೊಲೆಗಳನ್ನು ಆನಿಸಿ ಗೋಡೆಗೆ ಆಸರೆ ಕೊಟ್ಟಿತು. ಕಚೇರಿಯಿಂದ ಕೈಪಂಪು ಬಂತು. ಕೆಳಗಿನ ತುದಿಯ ಜನ ಕೊಡ, ಬಾಲ್ದಿ ಹಿಡಿದು ತಾವಾಗಿಯೇ ಬಂದರು, ಸಾಲಾಗಿ ನಿಂತು ನೀರು ಎತ್ತಿ ಎತ್ತಿ ಹೊರಗೆ ಚೆಲ್ಲಿದರು. ಸಖೂಬಾಯಿ ಕಾಕುವಿನ ಅಂಗಳಕ್ಕೆ ಕಾಲಿಟ್ಟದ್ದು ಅದೇ ಮೊದಲು. ಇಬ್ಬರೂ ಒಂದೇ ಬಾಲ್ದಿಯ ಎರಡು ಕಡೆ ಹಿಡಿದದ್ದನ್ನು ನಾನು ನೋಡಿದೆ. ಅವರಿಬ್ಬರೂ ಅದನ್ನು ಗಮನಿಸಿದಂತೆ ಕಾಣಲಿಲ್ಲ.

ಗೋಡೆ ನಿಂತಿತು. ಕೊಳವೆಗಳು ಬಂಡೆಯೊಳಗೆ ಇಳಿದವು. ಒಂದೊಂದು ಸಂದನ್ನೂ ಸಾಹೇಬರು ಬೆರಳಿನಿಂದ ಸವರಿ ನೋಡಿದರು. ಕೊನೆಯ ಫರಸಿ ಹಾಸಿ ಭೀಮಪ್ಪನ ತಂಡ ಗಂಟು ಕಟ್ಟಿದಾಗ ಆಕಾಶ ಕಪ್ಪಾಗಿತ್ತು. ಕಾಕು ಆ ಹೆಂಗಸರ ಸೆರಗಿಗೆ ಅಕ್ಕಿ, ಬೆಲ್ಲ ಕಟ್ಟಿ ಕಳಿಸಿದರು.

ಮಿರಗದ ಮಳೆ ಒಂದು ಮಧ್ಯಾಹ್ನ ಬಂತು. ಕಚೇರಿಯಲ್ಲಿದ್ದ ನಾವು ಛತ್ರಿ ಹಿಡಿದು ಓಡಿದೆವು. ಕೆಳಗಿನ ತುದಿಯಲ್ಲಿ, ಓಣಿಯ ನೀರು ಮೋರಿಗಿಳಿಯುವ ಬಾಯಿಗೆ, ಕಬ್ಬಿಣದ ಜಾಲರಿ ಹಾಕಿದ್ದೆವು. ಮೇಲಿನ ಓಣಿಗಳ ನೀರು ಕೆಂಪಗೆ ನುಗ್ಗಿ ಬಂದು ಜಾಲರಿಯೊಳಗೆ ಇಳಿಯತೊಡಗಿತು. ಜನ ಬಾಗಿಲುಗಳಲ್ಲಿ ನಿಂತು ನೋಡುತ್ತಿದ್ದರು. ಆಮೇಲೆ ನೀರು ಇಳಿಯುವುದು ನಿಧಾನವಾಯಿತು. ಆಮೇಲೆ ನಿಂತೇಹೋಯಿತು. ಓಣಿ ತುಂಬುತ್ತ ಬಂದು ನೀರು ಸಖೂಬಾಯಿಯ ಹೊಸ್ತಿಲ ಕೆಳಗಿನ ಕಲ್ಲನ್ನು ಮುಟ್ಟಿತು. ಅವಳು ಒಳಗೆ ಹೋಗಿ ಕಡಲೆಯ ಚೀಲ ಎತ್ತತೊಡಗಿದಳು. ಅವಳು ನಮ್ಮನ್ನು ಬೈದಿದ್ದರೆ ಚೆನ್ನಾಗಿತ್ತು ಎನ್ನಿಸಿತು ನನಗೆ.

ಛತ್ರಿ ಎಸೆದು ನೀರಿಗಿಳಿದೆ. ಪಕ್ಕದಲ್ಲಿ ಯಾರೋ ಇಳಿದಂತಾಗಿ ತಿರುಗಿದರೆ ದಾಮಲೆ ಸಾಹೇಬರು, ಉದ್ದ ಕೋಟಿನ ಸಮೇತ. ಕೈಗೆ ಸಿಕ್ಕವು ಎಲೆಗಳು. ಊಟ ಮಾಡಿ ಎಸೆದ ಪತ್ರಾವಳಿಗಳು, ರಾಶಿ ರಾಶಿ, ಜಾಲರಿಗೆ ಚಾಪೆಯಂತೆ ಅಂಟಿಕೊಂಡಿದ್ದವು. ಮೇಲೆ ಯಾರ ಮನೆಯಲ್ಲೋ ಮುಂಜಿ ನಡೆದಿತ್ತು. ಇಬ್ಬರೂ ಕಿತ್ತು ಕಿತ್ತು ಹಿಂದಕ್ಕೆ ಎಸೆದೆವು. ಕೊನೆಯ ಹಿಡಿ ಬಂದದ್ದೇ ನೆಲದೊಳಗಿನಿಂದ ಗಟಗಟ ನೀರು ಕುಡಿಯುವ ಸದ್ದು ಬಂತು. ನೋಡುತ್ತಿದ್ದಂತೆ ಓಣಿಯ ನೀರು ಇಳಿಯಿತು. ಸಖೂಬಾಯಿಯ ಹೊಸ್ತಿಲ ಕಲ್ಲು ಕಂಡಿತು, ಓಣಿಯ ಖಡಿ ಕಂಡಿತು.

ಸಾಹೇಬರು ಒದ್ದೆಯಾಗಿ ಸಖೂಬಾಯಿಯ ಕಟ್ಟೆಯ ಮೇಲೆ ಕೂತರು. "ಬಂಡೆ ಕಡಿದೆವು, ಗೋಡೆ ನಿಲ್ಲಿಸಿದೆವು," ಎಂದರು. "ನಾಲ್ಕು ಎಲೆ ಎಲ್ಲ ಮುಳುಗಿಸ್ತಿತ್ತು, ಕುಲಕರ್ಣಿ. ನಾಳೆಯಿಂದ ಈ ಜಾಲರಿ ನೋಡೋದಕ್ಕೆ ಒಬ್ಬನ್ನ ಹಾಕಬೇಕು."

ಕಚೇರಿ ಒಬ್ಬನನ್ನು ಹಾಕಿತು, ನಿಜ. ಆದರೆ ಅವನಿಗಿಂತ ಮೊದಲೇ ಕಾಕು ತಮ್ಮನ್ನು ತಾವೇ ನೇಮಿಸಿಕೊಂಡಿದ್ದರು. ಮುಂಜಿಯ ಮನೆಯ ಬಾಗಿಲಿಗೆ ಹೋಗಿ, ಮಳೆಯಲ್ಲೇ ನಿಂತು, ಪುಣೆಯ ಮರಾಠಿಯಲ್ಲಿ ಅವರು ಆಡಿದ ಮಾತನ್ನು ಓಣಿ ಬಹಳ ದಿನ ನೆನಪಿಟ್ಟುಕೊಂಡಿತ್ತು. ಅದರ ನಂತರ ಆ ಓಣಿಯಲ್ಲಿ ಎಂಜಲೆಲೆ ಹೊರಗೆ ಎಸೆದವರನ್ನು ನಾನು ಕಾಣಲಿಲ್ಲ. ಕೊಟ್ಟಿಗೆಯನ್ನು ಅವರು ಮತ್ತೆ ಕಟ್ಟಿಸಲಿಲ್ಲ. ಕಪಿಲೆ ನಮ್ಮ ಪಡಸಾಲೆಯಲ್ಲೇ ಉಳಿಯಿತು.

ಆ ಮಳೆಗಾಲ ಚೆನ್ನಾಗಿ ಹಿಡಿದುಕೊಂಡಿತು. ನೀರು ಒಮ್ಮೆಯೂ ಹೊಸ್ತಿಲು ದಾಟಲಿಲ್ಲ. ಶ್ರಾವಣದಲ್ಲಿ ಸಖೂಬಾಯಿಯ ಮಗಳು ತವರಿಗೆ ಬಂದಳು, ಗಂಡು ಮಗುವಾಯಿತು. ಹೆಸರಿಡುವ ದಿನ ಸಖೂಬಾಯಿ ತಾನೇ ವಾಡೆಗೆ ಬಂದು ಕರೆದಳು. ಕಾಕು ಹಿಂಜರಿದರು. ಸಖೂಬಾಯಿಗೆ ತಿಳಿಯದಂತೆ, ಇಂದಿರೆಗೆ ಕನ್ನಡದಲ್ಲಿ, "ನಾನು ವಿಧವಿ, ಶುಭಕಾರ್ಯಕ್ಕ ನನ್ನನ್ಯಾರು ಕರೀತಾರವಾ," ಎಂದರು. ಇಂದಿರೆ ಅದನ್ನು ಮರಾಠಿಗೆ ತರಲೋ ಬೇಡವೋ ಎಂದು ನನ್ನ ಕಡೆ ನೋಡಿದಳು. ಸಖೂಬಾಯಿಗೆ ಭಾಷೆ ಬೇಕಾಗಲಿಲ್ಲ. "ಆಜಿ, ನೀವು ಬಂದರೇ ತೊಟ್ಟಿಲು ಕಟ್ಟೋದು," ಎಂದು ಹೇಳಿ ಹೊರಟುಹೋದಳು.

ನಾವೆಲ್ಲ ಹೋದೆವು. ದಾಮಲೆ ಸಾಹೇಬರೂ ಬಂದು, ಬೂಟು ಕಳಚಿ ಹುಡುಗರ ಸಾಲಿನಲ್ಲಿ ಕೂತು ಗುಗ್ಗರಿ ತಿಂದರು. ತೊಲೆಗೆ ತೊಟ್ಟಿಲು ಕಟ್ಟಿದ್ದರು. ಹೆಂಗಸರು ಸುತ್ತ ನಿಂತಿದ್ದರು. ಕಾಕು ಗೋಡೆಗೆ ಆತು ದೂರ ನಿಂತಿದ್ದರು. ಸಖೂಬಾಯಿ ಗುಂಪು ಸರಿಸಿ ಬಂದು ತೊಟ್ಟಿಲ ಹಗ್ಗವನ್ನು ಅವರ ಕೈಗೆ ಕೊಟ್ಟಳು. ಅವರು ಅದನ್ನು ಎರಡೂ ಕೈಯಲ್ಲಿ ಹಿಡಿದರು. ಆಮೇಲೆ ತೂಗಿದರು. ತೂಗುತ್ತ ತೂಗುತ್ತ, ಮರಾಠಿಯ ಹಾಡು ಬಾಯಿಗೆ ಬರಲಿಲ್ಲವೋ ಏನೋ, ತಮ್ಮ ತಾಯಿ ಹಾಡುತ್ತಿದ್ದ ಕನ್ನಡದ ಜೋಗುಳವನ್ನು ಎತ್ತಿಕೊಂಡರು. ನಮ್ಮಿಬ್ಬರನ್ನು ಬಿಟ್ಟರೆ ಯಾರಿಗೂ ಅರ್ಥವಾಗಲಿಲ್ಲ, ಎಲ್ಲರೂ ಕೇಳಿದರು.

ಅಷ್ಟರಲ್ಲಿ ಹೊರಗೆ ಜೋರು ಮಳೆ ಹಿಡಿಯಿತು. ಹಂಚಿನ ಮೇಲೆ ಅದರ ಸದ್ದಿಗೆ ಹಾಡು ಅರ್ಧಂಬರ್ಧ ಕೇಳುತ್ತಿತ್ತು. ಮನೆ ತುಂಬ ಜನ ನೆಲದ ಮೇಲೆ ಕೂತಿದ್ದರು, ಗುಗ್ಗರಿಯ ತಟ್ಟೆ ಕೈಯಿಂದ ಕೈಗೆ ಹೋಗುತ್ತಿತ್ತು. ಅವರಲ್ಲಿ ಒಬ್ಬರೂ ನೀರು ಬಂತೇನೋ ಎಂದು ತಿರುಗಿ ಬಾಗಿಲ ಕಡೆ ನೋಡಲಿಲ್ಲ.